ಕಡೆದಿಟ್ಟ ಮರವೂ ಕೆತ್ತುವ ಕೈಯೂ

ವಿಜಯನಗರದಲ್ಲಿ ನಮ್ಮ ಮನೆಗೆ ಎರಡು ಮನೆಗಳಾಚೆ ಇರುವ ಗೃಹಸ್ಥರೊಬ್ಬರ ಮೊಮ್ಮಗಳು ಈ ಬೇಸಗೆಯ ರಜೆಯಲ್ಲಿ ಮರಗೆತ್ತನೆಯನ್ನು ಹವ್ಯಾಸವಾಗಿ ಕೈಗೊಂಡಳು. ಅವಳಿಗೆ ಬಂದ ಪೆಟ್ಟಿಗೆಯೊಳಗೆ ಒಂದು ಸಣ್ಣ ಚೂರಿ, ಒಂದು ಜೊತೆ ಕೈಗವಸು ಮತ್ತು ಆರು ಮರದ ತುಂಡುಗಳಿದ್ದವು. ಆ ತುಂಡುಗಳು ಬರಿಯ ಚೌಕಗಳಲ್ಲ. ಹಕ್ಕಿಯ ಹೊರಮೈ, ಮೀನಿನ ಹೊರಮೈ, ಕುಳಿತ ಬೆಕ್ಕಿನ ಹೊರಮೈ, ಹೀಗೆ ಒಂದೊಂದಕ್ಕೂ ಒಂದೊಂದು ಆಕಾರವನ್ನು ಯಂತ್ರಗರಗಸದಿಂದ ಮೊದಲೇ ಕೊಯ್ದು ಕೊಟ್ಟಿದ್ದರು. ಕೆತ್ತುವವರು ಮೂಲೆಗಳನ್ನು ಸವರಿ, ರೆಕ್ಕೆ ಕಣ್ಣುಗಳನ್ನು ತೋರಿಸಿ, ನಯಮಾಡಿದರೆ ಕೆಲಸ ಮುಗಿಯಿತು. ಅಂಗಡಿಯವರು ಇಂಥ ತುಂಡನ್ನು ಬ್ಲ್ಯಾಂಕ್ ಎನ್ನುವರು.

ಹುಡುಗಿಯ ಅಜ್ಜ ಇದನ್ನು ಕಂಡು ಮುಖ ಸಿಂಡರಿಸಿದರು. "ಅರ್ಧ ಕೆಲಸವನ್ನು ಇನ್ನಾರೋ ಮಾಡಿಟ್ಟ ಮೇಲೆ ಇದು ನಿನ್ನ ಕೆತ್ತನೆ ಹೇಗಾದೀತು, ಪುಟ್ಟಿ?" ಎಂದರು. ಅವರು ಮೂವತ್ತು ವರ್ಷ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದವರು. ಒಳಗಿನಿಂದ ಅಜ್ಜಿಯವರು, "ನೀವು ಮಾತ್ರ ಕಬ್ಬಿಣವನ್ನು ನೀವೇ ಎರಕ ಹೊಯ್ದು ಕಡೆಯುತ್ತಿದ್ದಿರೋ?" ಎಂದು ಕೇಳಿದರು. ಅಜ್ಜ ಉತ್ತರ ಕೊಡಲಿಲ್ಲ. ಪ್ರಶ್ನೆ ಮಾತ್ರ ನಮ್ಮೊಡನೆ ಮನೆಗೆ ಬಂದಿತು. ಬೇರೊಬ್ಬರು ಅಣಿಮಾಡಿದ ತುಂಡಿನ ಮೇಲೆ ಕೈಯಾಡಿಸುವುದು ಈ ಕಾಲದ ಅಗ್ಗದ ಚಪಲವೇ, ಅಥವಾ ನಮ್ಮ ಶಿಲ್ಪಿಗಳೂ ಗುಡಿಗಾರರೂ ನಡೆದು ಬಂದ ದಾರಿಯೇ?

ಕಲ್ಲಿನಿಂದ ಮೊದಲಿಡುವುದು ಒಳ್ಳೆಯದು. ಮರ ಗೆದ್ದಲಿಗೂ ಬೆಂಕಿಗೂ ತುತ್ತಾಗುವುದು, ಕಲ್ಲು ಸಾಕ್ಷಿ ನುಡಿಯುವುದು. ಹೊಯ್ಸಳರ ಗುಡಿಗಳ ನವರಂಗದಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳ ಮೈಮೇಲಿನ ಸುತ್ತುಗೀರುಗಳನ್ನು ವಾಚಕರು ನೋಡಿಯೇ ಇರುವರು. ಅವು ಬಳಪದ ಕಲ್ಲಿನವು. ಈ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿ ತಾಗಿದಂತೆ ಗಡುಸಾಗುವುದು. ಒರಟಾಗಿ ತಿದ್ದಿದ ಕಂಬವನ್ನು ತಿರುಗಿಸಿ ಕಡೆದುದರಿಂದಲೇ ಆ ದುಂಡು ಬಂದಿತು. ಅದೇ ರೀತಿ, ಚಾಲುಕ್ಯ ಹೊಯ್ಸಳ ಗುಡಿಗಳಲ್ಲಿ ಕೆಲಸ ಮುಗಿಯದೆ ನಿಂತ ಕಡೆಗಳನ್ನು ಹುಡುಕಿ ನೋಡಿದರೆ, ಗೋಡೆಯಲ್ಲಿ ಸೇರಿಸಿದ ಕಲ್ಲು ಬರಿಯ ಹೊರರೇಖೆಯಲ್ಲಿಯೇ ಉಳಿದಿರುವುದು ಕಾಣುವುದು. ಪಕ್ಕದ ಕಲ್ಲಿನಲ್ಲಿ ಬಳ್ಳಿಯೂ ಹಂಸವೂ ಪೂರ್ಣವಾಗಿವೆ. ಮೊದಲು ಆಕಾರವನ್ನು ಕಟ್ಟಿನಿಲ್ಲಿಸಿ ಆಮೇಲೆ ನುಣುಪುಗೆಲಸಕ್ಕೆ ಕೈಹಾಕುವುದು ಅಂದಿನ ಪದ್ಧತಿಯಾಗಿತ್ತೆಂಬುದು ಇದರಿಂದ ಸ್ಪಷ್ಟ. ಈ ಎರಡು ಕೆಲಸಗಳನ್ನೂ ಒಂದೇ ಕೈ ಮಾಡಬೇಕೆಂದು ಯಾವ ನಿಯಮವೂ ಇದ್ದಂತೆ ತೋರದು.

ಆದರೆ ಕೀರ್ತಿ ಎರಡು ಕೈಗಳಿಗೂ ಸಮನಾಗಿ ಸಂದಿತೇ? ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರುಂಟು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರುಂಟು. ಹೀಗೆ ನಮಗೆ ಉಳಿದುಬಂದ ಹೆಸರುಗಳು ಹೆಚ್ಚಾಗಿ ವಿಗ್ರಹ ಕೆತ್ತಿದವರವು. ನಮ್ಮ ಶಾಸನಗಳ ಕೊನೆಯಲ್ಲಿ ರಚಿಸಿದವನು ಇಂಥವನು, ಬರೆದವನು ಇಂಥವನು, ಕಂಡರಿಸಿದವನು ಇಂಥವನು ಎಂದು ಬೇರೆಬೇರೆಯಾಗಿ ಹೇಳುವುದುಂಟು. ಆ ಕಲ್ಲನ್ನು ಗಣಿಯಿಂದೆಬ್ಬಿಸಿ, ಮುಖವನ್ನು ಸಮಮಾಡಿ, ಅಕ್ಷರ ನಿಲ್ಲುವಂತೆ ಹಸನುಗೊಳಿಸಿದವನ ಹೆಸರು ಕಾಣುವುದು ಬಹು ವಿರಳ. ಈ ವಿಷಯದಲ್ಲಿ ನಮ್ಮ ಭಾಷೆ ನಮಗಿಂತ ನ್ಯಾಯವಾಗಿ ನಡೆದುಕೊಂಡಿದೆಯೆಂದು ಹೇಳಬೇಕು. 'ಕಡೆ' ಎಂಬ ಒಂದೇ ಧಾತುವಿನಿಂದ ನಾವು ಮೊಸರನ್ನು ಕಡೆಯುತ್ತೇವೆ, ಕಂಬವನ್ನು ತಿರುಗಿಸಿ ಕಡೆಯುತ್ತೇವೆ, ಮೂರ್ತಿಯನ್ನೂ ಕಡೆಯುತ್ತೇವೆ.

ಇನ್ನು ಮರದ ಮಾತು. ಸೊರಬ, ಸಾಗರ, ಶಿರಸಿ ಸೀಮೆಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಅವರ ಪೆಟ್ಟಿಗೆಗಳ ಮೇಲಿನ ಬಳ್ಳಿಗಳನ್ನು ಹೊಗಳಿ ಬರೆದವರು ಬಹುಮಂದಿ. ಆ ಗಂಧ ಅವರ ಕೈಗೆ ಯಾವ ರೂಪದಲ್ಲಿ ಬರುತ್ತಿತ್ತೆಂಬುದನ್ನು ಬರೆದವರು ಕಡಿಮೆ. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ, ಮುಂದೆ ಮೈಸೂರು ಸಂಸ್ಥಾನದ ಕಾಲದಲ್ಲಿಯೂ, ಮರವು ಯಾರ ಹೊಲದಲ್ಲಿ ಬೆಳೆದರೂ ಸರಕಾರದ ಸೊತ್ತಾಗಿತ್ತು. ಜಮೀನಿನ ಒಡೆಯನಿಗೆ ಅದರ ಒಡೆತನ ಬಂದುದು ೨೦೦೧ರ ಕಾನೂನು ತಿದ್ದುಪಡಿಯಿಂದ. ಗಂಧದ ಮರವನ್ನು ಕಡಿಯುವುದಲ್ಲ, ಬೇರುಸಹಿತ ಕೀಳುವುದು; ಎಣ್ಣೆ ಹೆಚ್ಚಾಗಿ ಇರುವುದು ಬೇರಿನಲ್ಲಿ. ಹಾಗೆ ಕಿತ್ತ ಮರವನ್ನು ಸರಕಾರದ ಗಂಧದ ಕೋಠಿಗೆ ಸಾಗಿಸಿ, ವಾಸನೆಯಿಲ್ಲದ ಹೊರಗಿನ ಬಿಳಿಯ ಭಾಗವನ್ನು ಕೆತ್ತಿಹಾಕಿ, ಚೇಗನ್ನು ಮಾತ್ರ ಉಳಿಸಿ, ಅಳತೆಗೆ ಸರಿಯಾಗಿ ಕೊಯ್ದು, ದರ್ಜೆ ಕಟ್ಟುತ್ತಿದ್ದರು. ಮೊದಲ ದರ್ಜೆಗೆ ವಿಲಾಯತ್ ಬುಧ್ ಎಂದು ಹೆಸರು: ಒಂದು ಟನ್ನಿಗೆ ೧೧೨ ತುಂಡುಗಳಿಗೆ ಮೀರಕೂಡದು. ಎರಡನೆಯದು ಚೀನಾ ಬುಧ್, ೨೨೪ಕ್ಕೆ ಮೀರಕೂಡದು. ಮೂರನೆಯದು ಪಂಜಂ, ೪೪೮. ಕೆಳಗೆ ಇಳಿದಂತೆ ಬೇರು, ಚಕ್ಕೆ, ಪುಡಿಯವರೆಗೂ ದರ್ಜೆಗಳಿದ್ದವು.

ಹೀಗಿರಲು ಗುಡಿಗಾರನು ಉಳಿ ಹಿಡಿಯುವ ಮೊದಲೇ, ಅವನು ಕೆತ್ತುವ ವಸ್ತುವಿನ ಗಾತ್ರವನ್ನು ಕೋಠಿಯ ಗರಗಸದವನು ನಿಶ್ಚಯಿಸಿಬಿಟ್ಟಿದ್ದನು. ಅಡಿಯುದ್ದದ ವಿಗ್ರಹವೋ ಅಂಗೈಯಗಲದ ಕರಂಡಕವೋ ಎಂಬುದು ಶಿಲ್ಪಿಯ ಸ್ಫೂರ್ತಿಗಿಂತ ತುಂಡಿನ ಅಳತೆಯಿಂದ ತೀರ್ಮಾನವಾಗುತ್ತಿತ್ತೆಂದರೆ ಅತಿಶಯೋಕ್ತಿಯಲ್ಲ. ಇದನ್ನು ಕೇಳಿ ಗುಡಿಗಾರರ ಕಲೆ ಕಡಿಮೆಯಾಯಿತೆನ್ನುವವರು ಯಾರು? ಗಂಧ ದುರ್ಲಭವಾದಂತೆ ಅವರಲ್ಲಿ ಬಹುಮಂದಿ ಈಗ ಶಿವನೆಯ ಮರವನ್ನು ಬಳಸುತ್ತಿದ್ದಾರೆ.

ಕೆಂಗೇರಿಯನ್ನು ದಾಟಿ ಮೈಸೂರಿನ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ ಬಿಡದಿ ರಾಮನಗರಗಳಾದ ಮೇಲೆ ಚನ್ನಪಟ್ಟಣ. ೧೮೮೨ರ ವೇಳೆಗೆ ಮೈಸೂರನ್ನು ಮುಟ್ಟಿದ ಈ ದಾರಿ ನಮ್ಮ ಪಶ್ಚಿಮ ಬೆಂಗಳೂರಿಗೂ ಆ ಗೊಂಬೆಗಳ ಊರಿಗೂ ಹಳೆಯ ನಂಟು. ಅಲ್ಲಿನ ಮರಗೆಲಸದ ಮೂಲವನ್ನು ಟಿಪ್ಪುವು ಕರೆಯಿಸಿದ ಪಾರಸಿ ಕುಶಲರಿಗೆ ಕಟ್ಟಿ ಹೇಳುವ ಐತಿಹ್ಯವುಂಟು. ಹೊಸಗಾಲದ ಗೊಂಬೆಗಳ ಹಿರಿಯನೆಂದು ಬಾವಾಸ್ ಮಿಯಾನನನ್ನು ನೆನೆಯುವರು. ಹಾಲೆಯ ಮರ ಕಡಿದರೆ ಹಾಲು ಸುರಿಯುವುದು, ಒಣಗಿದರೆ ದಂತದ ಬಣ್ಣ. ಅದನ್ನು ತಿಂಗಳುಗಟ್ಟಲೆ ಒಣಗಿಸಿ, ಗೇಣುದ್ದದ ತುಂಡುಗಳಾಗಿ ಕೊಯ್ದು, ತಿರುಗಣೆಗೆ ಕೊಟ್ಟು, ಉಳಿಯ ಅಂಚಿನಿಂದ ಕಡೆಯುವರು. ಹಿಂದೆ ಬಿಲ್ಲಿನ ಹುರಿಯಿಂದ ತಿರುಗುತ್ತಿದ್ದುದು ಈಗ ವಿದ್ಯುತ್ತಿನಿಂದ ತಿರುಗುವುದು. ತುಂಡು ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ ಉಜ್ಜಿದ ಕಾವಿಗೆ ಬಣ್ಣ ಕರಗಿ ಮೈಗೆ ಹತ್ತುವುದು. ಮೇಲೆ ಕೇದಗೆಯ ಗರಿಯಿಂದ ತಿಕ್ಕಿದರೆ ಹೊಳಪು. ಇಲ್ಲಿ ಆಕಾರ ಕೊಡುವವನೂ ಬಣ್ಣ ಕೊಡುವವನೂ ಒಬ್ಬನೇ ಆಗಬಹುದು, ಅದೂ ಯಂತ್ರದಿಂದ ತುಂಡನ್ನು ಬಿಚ್ಚುವ ಮೊದಲೇ. ಆದುದರಿಂದ ಚನ್ನಪಟ್ಟಣದ ಕೆಲಸಗಾರನು, ನಮ್ಮ ಅಜ್ಜನವರ ಆಕ್ಷೇಪಕ್ಕೆ ಎಲ್ಲರಿಗಿಂತ ಕಡಿಮೆ ಗುರಿಯಾದವನು.

ಇದಕ್ಕೆ ಎದುರಾದ ನಿದರ್ಶನ ರಷ್ಯದಲ್ಲಿದೆ. ಒಂದರೊಳಗೊಂದು ಅಡಗುವ ಮಾತ್ರ್ಯೋಷ್ಕ ಗೊಂಬೆಯನ್ನು ೧೮೯೦ರ ದಶಕದಲ್ಲಿ ಮೊದಲು ಕಡೆದವನು ಜ್ವ್ಯೋಜ್‌ದೋಚ್ಕಿನ್, ಬಣ್ಣ ಬರೆದವನು ಮಾಲ್ಯೂತಿನ್. ಬಣ್ಣವಿಲ್ಲದ ಬರಿಯ ಗೊಂಬೆಗೆ ಅವರಲ್ಲಿ ಒಳವಸ್ತ್ರವೆಂಬರ್ಥದ ಹೆಸರುಂಟು. ಬಣ್ಣವೆಂಬುದು ಮೇಲುಡುಗೆ ತಾನೆ! ಕಡೆದವನ ಹೆಸರೂ ಬರೆದವನ ಹೆಸರೂ ಅಲ್ಲಿ ಒಟ್ಟಿಗೆ ಉಳಿದವು.

ಇಷ್ಟು ತಿಳಿದುಕೊಂಡು ನಾವು ಅಜ್ಜನವರಲ್ಲಿಗೆ ಹೋದಾಗ, ವಾದಕ್ಕೆ ಅವಕಾಶವಿರಲಿಲ್ಲ. ಹಕ್ಕಿಯ ಕೊಕ್ಕು ಮುರಿದಿತ್ತು. ಹುಡುಗಿ ತನ್ನ ಕೈಯದೇ ತಪ್ಪೆಂದು ಕಣ್ಣೀರು ತಂದುಕೊಂಡಿದ್ದಳು. ಅಜ್ಜ ತುಂಡನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಗೀರಿ, "ತಪ್ಪು ನಿನ್ನದಲ್ಲ. ಎಳೆ ನೋಡು, ಅಡ್ಡ ಹೋಗಿದೆ" ಎಂದರು.

ಮರದ ಎಳೆ ಕೊಕ್ಕಿನ ಉದ್ದಕ್ಕೆ ಓಡಬೇಕು. ಅಡ್ಡವಾದರೆ ಕಡ್ಡಿಯ ಕಟ್ಟನ್ನು ಅಡ್ಡಲಾಗಿ ಕತ್ತರಿಸಿದಂತೆ. ತೆಳುವಾದ ಕೂಡಲೇ ಕಳಚಿಕೊಳ್ಳುವುದು. ಬಾಲ, ಕಾಲು, ಜಿಂಕೆಯ ಕೊಂಬು ಎಲ್ಲಕ್ಕೂ ಇದೇ ಕಟ್ಟಳೆ. ಎಲ್ಲವೂ ಒಂದೇ ದಿಕ್ಕಿಗೆ ಚಾಚದಿದ್ದಾಗ ಯಾವುದನ್ನು ಉಳಿಸಿ ಯಾವುದನ್ನು ದಪ್ಪವಾಗಿ ಬಿಡಬೇಕೆಂಬುದನ್ನು ತುಂಡು ಕೊಯ್ಯುವವನೇ ತೀರ್ಮಾನಿಸಬೇಕು. ಅವನು ಮೊದಲು ಪಕ್ಕದ ನೋಟವನ್ನು ಬರೆದು ಕೊಯ್ಯುವನು. ಬಿದ್ದ ಚೂರುಗಳನ್ನು ಮತ್ತೆ ಅಂಟಿಸಿಟ್ಟು, ಚೌಕಕ್ಕೆ ತಂದು, ಮೇಲಿನ ನೋಟವನ್ನು ಕೊಯ್ಯುವನು. ಗಂಟು ಎಲ್ಲಿದೆ, ಸೀಳು ಎಲ್ಲಿ ಹೊರಡಬಹುದು ಎಂಬುದನ್ನು ನೋಡುವವನೂ ಅವನೇ. ಮೆದು ಮರಕ್ಕಾಗಿ ಅಮೆರಿಕದ ಬಾಸ್‌ವುಡ್ಡನ್ನು ತರಿಸಿದ್ದರೂ, ಮರ ಉಳಿಸುವ ಆತುರದಲ್ಲಿ ಹಲಗೆಯ ಮೇಲೆ ಆಕಾರಗಳನ್ನು ಹೇಗೆಂದರೆ ಹಾಗೆ ಹೊಂದಿಸಿ ಕೊಯ್ದರೆ ಫಲ ಹೀಗೆ. ಅರ್ಧ ಕೆಲಸವೆಂದು ಅಜ್ಜ ಜರೆದ ಆ ಕೆಲಸ ಅರ್ಧವೇ ಅಲ್ಲ. ಅದು ಕೆಟ್ಟರೆ ಉಳಿದ ಅರ್ಧಕ್ಕೆ ಎಡೆಯೇ ಇಲ್ಲ. ಇದನ್ನು ನಾವು ಹೇಳಬೇಕಾಗಿ ಬರಲಿಲ್ಲ. ಎರಕದ ತುಂಡಿನೊಳಗೆ ಗಾಳಿಗುಳ್ಳೆಯಿದ್ದು ದಿನದ ಕೆಲಸ ಹಾಳಾದ ಸಂದರ್ಭಗಳನ್ನು ಅವರೇ ನೆನಪಿಸಿಕೊಂಡರು.

ಮರುದಿನ ಅವರು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಗೆ ಹೋಗಿ ಶಿವನೆಯ ಒಂದು ಮೋಟು ತಂದರು. ದೊಡ್ಡ ತೊಲೆಗಳ ನಡುವೆ ಇಷ್ಟು ಚಿಕ್ಕದನ್ನು ಕೇಳಿದುದಕ್ಕೆ ಅಲ್ಲಿನ ಆಳು ನಕ್ಕನಂತೆ. ಅದರ ಮೇಲೆ ಕೊಕ್ಕು ಎಳೆಯ ಕಡೆಗೇ ಬರುವಂತೆ ಹಕ್ಕಿಯನ್ನು ಸೀಸದಕಡ್ಡಿಯಿಂದ ಎರಡು ನೋಟಗಳಲ್ಲಿ ಬರೆದರು. ಹುಡುಗಿ ರೆಕ್ಕೆಯನ್ನು ಎರಡು ಸಲ ಅಳಿಸಿ ತಿದ್ದಿದಳು. ಗರಗಸ ಇನ್ನೂ ಹಾಕಿಲ್ಲ. ಮರ ಹಸಿಯೆಂದು, ತುದಿಗಳು ಸೀಳದಂತೆ ಎರಡು ಕಡೆಗೂ ಮೇಣ ಬಳಿದು, ಮಹಡಿಯ ಮೆಟ್ಟಿಲ ಕೆಳಗೆ ನೆರಳಿನಲ್ಲಿ ಇಟ್ಟಿದ್ದಾರೆ.