ಕೊರಿಯಾದಲ್ಲಿ ಜನರಲ್ ತಿಮ್ಮಯ್ಯ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರನ್ನು (1906–1965) ಸ್ಮರಿಸುವವರು ಸಾಮಾನ್ಯವಾಗಿ ಎರಡು ಪ್ರಸಂಗಗಳನ್ನು ಹೇಳುತ್ತಾರೆ. 1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಮಿಗಿಲಾದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದ್ದು ಮೊದಲನೆಯದು; ಭೂಸೇನೆಯ ಮುಖ್ಯಸ್ಥರಾಗಿದ್ದಾಗ, 1959ರಲ್ಲಿ, ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ವಿರಸವುಂಟಾಗಿ ರಾಜೀನಾಮೆಯಿತ್ತು ಹಿಂತೆಗೆದುಕೊಂಡದ್ದು ಎರಡನೆಯದು. ಇವೆರಡರ ನಡುವಿನ ಕೊರಿಯಾದ ಅಧ್ಯಾಯಕ್ಕೆ ನಮ್ಮಲ್ಲಿ ದೊರೆತ ಗಮನ ಅಲ್ಪ. ಅವರ ವ್ಯಕ್ತಿತ್ವವನ್ನು ಅರಿಯಲು ಇದೇ ಹೆಚ್ಚು ನೆರವಾಗುವುದೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

1953ರ ಜುಲೈ 27ರಂದು ಪಾನ್‌ಮುಂಜೋಮ್‌ನಲ್ಲಿ ಕದನವಿರಾಮವಾಯಿತು. ಸ್ವದೇಶಕ್ಕೆ ಮರಳಲೊಲ್ಲದ ಯುದ್ಧಕೈದಿಗಳ ಪ್ರಶ್ನೆ ಮಾತ್ರ ಉಳಿಯಿತು. ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿದ್ದ ಇಂಥವರು 22,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಚೀನೀಯರು. ಎದುರು ಪಕ್ಷದ ವಶದಲ್ಲಿದ್ದವರು 359 ಮಂದಿ. ಇವರೆಲ್ಲರ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್ ಹಾಗೂ ಜೆಕೊಸ್ಲೊವಾಕಿಯಾ ಇದ್ದವು; ಅಧ್ಯಕ್ಷತೆ ಭಾರತದ್ದು, ಅಂದರೆ ತಿಮ್ಮಯ್ಯನವರದು. ಕಾವಲಿನ ಭಾರತೀಯ ಪಡೆಯ ನಾಯಕರು ಮೇಜರ್ ಜನರಲ್ ಥೋರಟ್. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ಭಾರತೀಯರು ತಮ್ಮ ನೆಲವನ್ನು ಮೆಟ್ಟುವುದೇ ಸಮ್ಮತವಿರಲಿಲ್ಲ. ಆದಕಾರಣ ಸೈನಿಕರನ್ನು ಇಂಚೋನಿನ ಹಡಗುಗಳಿಂದ ಹೆಲಿಕಾಪ್ಟರುಗಳಲ್ಲಿ ನೇರವಾಗಿ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು. ತಟಸ್ಥನಿಗೆ ಎರಡು ಕಡೆಯಿಂದಲೂ ಅನುಮಾನವೇ ಉಡುಗೊರೆ!

ಮರಳುವ ಹಕ್ಕನ್ನು ಪ್ರತಿ ಕೈದಿಗೂ ಅವನ ದೇಶದ ಪ್ರತಿನಿಧಿಗಳು ವಿವರಿಸಬೇಕೆಂಬುದು ಒಪ್ಪಂದ. ಅದಕ್ಕೆ 90 ದಿನಗಳ ಗಡುವು. ಆದರೆ ಶಿಬಿರಗಳೊಳಗೆ ಬಿಗಿಯಾಗಿ ಸಂಘಟಿತರಾಗಿದ್ದ ಕೈದಿಗಳು ಹೊರಬರಲು ನಿರಾಕರಿಸಿದರು. ಬಲಪ್ರಯೋಗ ಮಾಡಿದ್ದರೆ ಒಪ್ಪಂದದ ಅಕ್ಷರವನ್ನು ಪಾಲಿಸಬಹುದಿತ್ತು, ರಕ್ತವೂ ಹರಿಯುತ್ತಿತ್ತು. ತಿಮ್ಮಯ್ಯನವರು ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಡಿಸೆಂಬರ್ 23ರಂದು ಗಡುವು ಮುಗಿದಾಗ ಕೈದಿಗಳಲ್ಲಿ ಹೆಚ್ಚಿನವರು ವಿವರಣೆಯನ್ನು ಕೇಳಿರಲೇ ಇಲ್ಲ.

ಅವರ ಭವಿಷ್ಯವನ್ನು ನಿರ್ಣಯಿಸಬೇಕಿದ್ದ ರಾಜಕೀಯ ಸಮ್ಮೇಳನವೂ ಸೇರಲಿಲ್ಲ. ಕೊನೆಗೆ 1954ರ ಜನವರಿಯಲ್ಲಿ ಕೈದಿಗಳನ್ನು ಮೊದಲು ಅವರನ್ನು ಹಿಡಿದಿಟ್ಟಿದ್ದ ಪಕ್ಷಗಳಿಗೇ ಒಪ್ಪಿಸಲಾಯಿತು. ಇದನ್ನು ವೈಫಲ್ಯವೆನ್ನಲು ಆಧಾರವಿದೆ. ಆದರೆ ಇಪ್ಪತ್ತೆರಡು ಸಾವಿರ ಜನರ ಶಿಬಿರಗಳಲ್ಲಿ ದೊಡ್ಡ ಹತ್ಯಾಕಾಂಡ ನಡೆಯದೇ ಹೋದದ್ದನ್ನೂ ಅದರೊಡನೆ ತೂಗಬೇಕು. ಎರಡೂ ದೇಶಭಾಗಗಳನ್ನೊಲ್ಲದ ಕೆಲವರು ಭಾರತೀಯ ಪಡೆಯೊಡನೆ ಹಡಗೇರಿ ಇಲ್ಲಿಗೇ ಬಂದರು. ಅದೇ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣ ಸಂದಿತು. ಕೊರಿಯಾದ ಅನುಭವವನ್ನು ಕುರಿತು ಅವರು ಬರೆದ ಗ್ರಂಥ ಅಚ್ಚಾದದ್ದು ಅವರ ಮರಣಾನಂತರ.

ನಿವೃತ್ತಿಯ ಬಳಿಕ, 1964ರಲ್ಲಿ, ಸೈಪ್ರಸ್ಸಿನ ಶಾಂತಿಪಾಲನಾ ಪಡೆಯ ನಾಯಕತ್ವ ಅವರನ್ನು ಅರಸಿ ಬಂದಿತು. ಗ್ರೀಕರಿಗೂ ತುರ್ಕರಿಗೂ ನಡುವೆ ನಿಲ್ಲಬೇಕಾಗಿದ್ದ ಆ ಕಾರ್ಯದಲ್ಲಿರುವಾಗಲೇ, 1965ರ ಡಿಸೆಂಬರ್ 18ರಂದು, ಅವರು ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಮರುವರ್ಷ ಅವರ ಸ್ಮರಣೆಗೆ ಅಂಚೆಚೀಟಿಯನ್ನು ಹೊರಡಿಸಿತು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡದ್ದು 2021ರಲ್ಲಿ.