ನಮ್ಮ ಹೆಣ್ಣಮಕ್ಕಳು ಫೇಸ್‌ಬುಕ್ಕಿನ್ಯಾಗ ಬರೀಲಿಕ್ಕೆ ಬಂದ ಕಥಿ

ಹೋದ ಸರತೆ ಸಂಡಿಗಿ ಹಿಟ್ಟಿನ ಹದಾ ಬರದಿದ್ದೆ. ಈ ಸರತೆ ಸ್ವಲ್ಪ ಇತಿಹಾಸ ಬರೀತೀನಿ. ಹೆದರಬ್ಯಾಡ್ರಿ, ರಾಜಾ-ರಾಣಿ ಇತಿಹಾಸ ಅಲ್ಲ, ನಮ್ಮದ. ಮೊನ್ನೆ ಅರಿಷಿಣ-ಕುಂಕುಮಕ್ಕ ಹೋದಾಗ ಒಬ್ಬ ಹುಡುಗಿ, "ಮೌಶಿ, ನಿಮ್ಮ ವಾರಿಗಿಯವರೆಲ್ಲಾ ಫೇಸ್‌ಬುಕ್ಕಿಗೆ ಇಷ್ಟು ತಡಾ ಯಾಕ ಬಂದ್ರಿ? ಧೈರ್ಯ ಇದ್ದಿಲ್ಲೇನು?" ಅಂತ ಕೇಳಿದ್ಲು. ಧೈರ್ಯದ ಮಾತು ಸ್ವಲ್ಪ ಖರೇನ. ಆದ್ರ ಅದಕ್ಕಿಂತ ಮೊದಲಿಂದು ಅಕ್ಷರದ ಮಾತು.

ಮಂದಿ ತಮ್ಮ ಬರಹ ತಾವ ಹಾಕೋ ಬ್ಲಾಗರ್ ಶುರು ಆಗಿದ್ದು 1999ರಾಗ, ಅಮೇರಿಕಾದಾಗ. ಆರ್ಕುಟ್ ಬಂದಿದ್ದು 2004ರ ಜನವರಿಯೊಳಗ. ಅದನ್ನ ಮಾಡಿದವನ ಹೆಸರ ಆರ್ಕುಟ್; ಮೊದಮೊದಲ ಒಳಗಿದ್ದವರು ಕರದ್ರ ಅಷ್ಟ ಹೋಗಬೇಕಿತ್ತು, ಥೇಟ್ ನಮ್ಮ ಬಾಗಿಣದಂಗ. ಫೇಸ್‌ಬುಕ್ ಸುದ್ದಾ ಅದ ವರ್ಷ ಹುಟ್ಟಿತು, ಆದ್ರ ಒಂದು ಕಾಲೇಜಿನ ಹುಡುಗರ ಸಲುವಾಗಿ. ಎಲ್ಲಾರಿಗೂ ಬಾಗಲಾ ತಗದಿದ್ದು 2006ರ ಸಪ್ಟೆಂಬರಿನಾಗ. ಅಂದ್ರ ಅಂಗಳ ತಯಾರ ಇತ್ತು. ನಾವು ಬಂದು ಏನು ಬರೀಬೇಕಿತ್ತು? ಇಂಗ್ಲಿಷ್ ಅಕ್ಷರದಾಗ ಕನ್ನಡ. ಅದರಾಗ ಹಾಲಿಗೂ ಹಲ್ಲಿಗೂ ಫರಕ ತಿಳೀತಿದ್ದಿಲ್ಲ. "ಹಾಲು ಉಕ್ಕಿತು" ಅಂತ ಬರದ್ರ ಓದಿದವರು ದಂತದ ಡಾಕ್ಟರ್ ಕಡೆ ಹೋಗ್ರಿ ಅಂತಿದ್ರು! ಪಿಯುಸಿ ತನಕ ಕನ್ನಡದಾಗ ಓದಿ ಶುದ್ಧ ಬರಿಯೋ ಹೆಣ್ಣಮಕ್ಕಳು ಅಲ್ಲಿ ಹೋದಕೂಡಲೇ ಅರ್ಧಾ ಅಕ್ಷರಸ್ಥರು ಆಗಿಬಿಡ್ತಿದ್ವಿ.

ಹಂಗಂತ ಕಂಪ್ಯೂಟರಿನ್ಯಾಗ ಕನ್ನಡ ಇದ್ದಿಲ್ಲ ಅಂತಲ್ಲ. ಡಾ. ಪವನಜ ಅವರು 1996ರಾಗನ 'ವಿಶ್ವಕನ್ನಡ' ಅನ್ನೋ ಅಂತರಜಾಲ ಪತ್ರಿಕೆ ತಂದಿದ್ರು. 1998ರಾಗ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ನುಡಿ ಬಳಸೋ ಕೀಲಿ ಜೋಡಣಿ ಕಿನ್ನಿಕಂಬಳ ಪದ್ಮನಾಭ ರಾವ್ ಅವರದು, ಎಲ್ಲಾರೂ ಕೆ. ಪಿ. ರಾವ್ ಅಂತಾರ. ಕನ್ನಡದ ಎಲ್ಲಾ ಕಾಗುಣಿತ, ಒತ್ತಕ್ಷರ ಎಣಿಸಿದ್ರ ಕೀಲಿಮಣಿ ಹಾಸಿಗಿಯಷ್ಟು ದೊಡ್ಡದಾಗಬೇಕಿತ್ತು. ಇವರು ಮಾಡಿದ್ದು ಏನಂದ್ರ, ವ್ಯಂಜನ ಒಂದು, ಸ್ವರ ಒಂದು ಒತ್ತರಿ, ಕೂಡಿಸಿ ಆಕಾರ ಕೊಡೋದು ಯಂತ್ರದ ಕೆಲಸ. ನಾವು ಒಂದನೇತ್ತಾ ಸಾಲ್ಯಾಗ ಕ-ಕಾ-ಕಿ-ಕೀ ಕಲ್ತಂಗನ. ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು, ದಿನಾ ಬೆಳಿಗ್ಗೆ ಶುಭೋದಯ ಕಳಸೋ ನಮ್ಮಾಗ ಎಷ್ಟು ಮಂದಿಗೆ ಗೊತ್ತದ ಹೇಳ್ರಿ?

ಆದ್ರ ಆಗಿನ ಕನ್ನಡಕ್ಕ ಒಂದು ತ್ರಾಸ ಇತ್ತು. ಒಳಗ ಇಂಗ್ಲಿಷ್ ಅಕ್ಷರನ ಇರ್ತಿತ್ತು, ಮ್ಯಾಲೆ ಕನ್ನಡದ ಸೀರಿ ಉಡಿಸಿದಂಗ. ನಿಮ್ಮ ಕಂಪ್ಯೂಟರಿನ್ಯಾಗ ಅದ ಫಾಂಟ್ ಇದ್ರ ಕನ್ನಡ ಕಾಣ್ತಿತ್ತು, ಇಲ್ಲಂದ್ರ ಬರೇ ಚಿತ್ರವಿಚಿತ್ರ ಗುರುತು. ಇದನ್ನ ಬಿಡಿಸಿದ್ದು ಯೂನಿಕೋಡ್. ಜಗತ್ತಿನ ಒಂದೊಂದು ಅಕ್ಷರಕ್ಕೂ ಒಂದೊಂದು ಸ್ವಂತ ನಂಬರ್. ನಮ್ಮ 'ಅ'ದ ನಂಬರ್ 3205, 'ಕ'ದ್ದು 3221. ಈ ನಂಬರ್ ಕನ್ನಡಕ್ಕ 1991ರಾಗನ ಸಿಕ್ಕಿತ್ತು, ಆದ್ರ ಮನೀ ಕಂಪ್ಯೂಟರಿಗೆ ಅದು ತಿಳಿಯೋದಕ್ಕ 2001ರ ವಿಂಡೋಸ್ ಎಕ್ಸ್‌ಪಿ ತನಕ ಕಾಯಬೇಕಾತು. ಅದರ ಜೋಡಿ ಬಂದ ಕನ್ನಡ ಫಾಂಟಿಗೆ 'ತುಂಗಾ' ಅಂತ ಹೆಸರು ಇಟ್ಟಿದ್ರು, ನಮ್ಮ ಹೊಳೀ ಹೆಸರು. ಆಮೇಲೆ ದಾರಿ ಖುಲ್ಲಾ ಆತು. ಕನ್ನಡ ವಿಕಿಪೀಡಿಯ 2003ರಾಗ, 'ಸಂಪದ' 2005ರಾಗ, ಅದರ ಹಿಂದಿಂದ ಸಾಲುಸಾಲಾಗಿ ಬ್ಲಾಗುಗಳು.

ಇಷ್ಟಾದ್ರೂ ಹೆಣ್ಣಮಕ್ಕಳು ಕಮ್ಮಿನ. ಯಾಕಂದ್ರ ಕಂಪ್ಯೂಟರ್ ಇರ್ತಿದ್ದುದು ಮಗನ ಕೋಣ್ಯಾಗ. ಕುಕ್ಕರ್ ಮೂರು ಸೀಟಿ ಹೊಡಿಯೋದರಾಗ ಅಲ್ಲಿ ಹೋಗಿ, ಅದನ್ನ ಚಾಲೂ ಮಾಡಿ, ಎರಡು ಸಾಲು ಬರದು ಬರೋದು ಆಗ್ತಿದ್ದಿಲ್ಲ. ಕೈಯಾಗ ಫೋನ್ ಬಂದ ಮ್ಯಾಲೆ ಕೆಲಸ ಸುಲಭ ಆತು. ಅದೂ ಮೊದಲಿನ ಆಂಡ್ರಾಯ್ಡ್ ಫೋನಿನಾಗ ಕನ್ನಡ ಬಂದ್ರ ಬರೇ ಚೌಕ-ಚೌಕ ಡಬ್ಬಿ ಕಾಣ್ತಿದ್ವು. 2012ರಾಗ ಬಂದ ಆಂಡ್ರಾಯ್ಡ್ 4.1ರಿಂದ ಡಬ್ಬಿ ಹೋಗಿ ಅಕ್ಷರ ಆದ್ವು. 2016ರ ಸಪ್ಟೆಂಬರಿನಾಗ ಜಿಯೋ ಬಂದು ಇಂಟರ್ನೆಟ್ ಸೋವಿ ಆತು. ಮರುವರ್ಷ ಗೂಗಲ್‌ನವರು ಮಾತಾಡಿದ್ರ ಕನ್ನಡ ಬರಕೊಳ್ಳೋ ಸೌಲತ್ತು ತಂದ್ರು. ಕಣ್ಣು ಮಂಜಾದ ನಮ್ಮ ಸ್ವಾದರತ್ತಿ ಅದರಾಗನ ಬರೀತಾರ. ಆದ್ರ ನಮ್ಮ ಧಾರವಾಡದ ಮಾತು ಅದಕ್ಕ ತಿಳಿಯೂದಿಲ್ಲ, "ಹಿಂಗ್ಯಾಕ" ಅಂದ್ರ ಇಂಗು ಹಾಕ್ತದ!

ಈಗ ಧೈರ್ಯದ ಮಾತಿಗೆ ಬರ್ತೀನಿ. ನಾ ಸೇರಿದ್ದು 2014ರಾಗ. ಹೆಸರು ಹಾಕಿದೆ, ಫೋಟೋ ಕೇಳ್ತು. ಮನ್ಯಾಗ ಎರಡು ದಿನ ಚರ್ಚಾ ಆತು. ಕಡೀಕೆ ಹಿತ್ತಲದ ತುಳಸಿಕಟ್ಟಿ ಫೋಟೋ ಹಾಕಿದೆ. ನಿಮ್ಮಾಗ ಎಷ್ಟು ಮಂದಿ ದಾಸವಾಳ, ಬಾಲಕೃಷ್ಣ, ಮೊಮ್ಮಗನ ಮಾರಿ ಹಾಕೀರಿ, ನನಗೆಲ್ಲಾ ಗೊತ್ತದ.

ಹೆಸರಿನ ಈ ಸಂಕಟ ಇವತ್ತಿಂದಲ್ಲ. ನಂಜನಗೂಡು ತಿರುಮಲಾಂಬಾ ಸಣ್ಣ ವಯಸ್ಸಿನಾಗನ ಗಂಡನ್ನ ಕಳಕೊಂಡವರು. 1913ರಾಗ ಆಕಿ 'ಸತೀ ಹಿತೈಷಿಣೀ' ಅಂತ ಗ್ರಂಥಮಾಲೆ ತಗದು, ಸ್ವಂತ ಹೆಸರಿನಾಗ ತನ್ನ ಪುಸ್ತಕಾ ತಾನ ಪ್ರಕಟ ಮಾಡಿದ್ಲು. ಮಂದಿ ಅಂಗಳಕ್ಕ ಕಾಯಲಿಲ್ಲ ನೋಡ್ರಿ. ಆಕಿ ಮುಂದ ನಮ್ಮ ಧೈರ್ಯ ಯಾವ ಲೆಕ್ಕ. ಎಲ್ಲಾರಿಗೂ ಹಂಗ ಆಗೂದಿಲ್ಲ ಬಿಡ್ರಿ. ನಾವು ಬಾಯಿಪಾಠ ಮಾಡಿದಂಗ ಓದಿದ ತ್ರಿವೇಣಿ ಅವರ ಹೆಸರು ಅನಸೂಯಾ ಶಂಕರ್. ವೈದೇಹಿ ಅವರದಂತೂ ಬ್ಯಾರೇನ ಕಥಿ. 'ಸುಧಾ'ಕ್ಕ ಒಂದು ಕಥಿ ಕಳಸಿ, ಅದು ನಿಜ ಘಟನಾ ಇದ್ದದ್ದಕ್ಕ ಹಾಕಬ್ಯಾಡ್ರಿ ಅಂತ ಕೇಳಕೊಂಡ್ರು. ಸಂಪಾದಕರು ಕಥಿ ಬಿಡಲಿಲ್ಲ, ಹೆಸರು ಬದಲ ಮಾಡಿ 'ವೈದೇಹಿ' ಅಂತ ಹಾಕಿದ್ರು. ಆ ಹೆಸರ ಕಾಯಂ ಆತು. ಇನ್ನ ವಯಸ್ಸಾತು ಅನ್ನೋರು ಎಂ. ಕೆ. ಇಂದಿರಾ ಅವರನ್ನ ನೆನಸ್ರಿ. 1917ರಾಗ ಹುಟ್ಟಿದವರು, 'ತುಂಗಭದ್ರಾ' ಬಂದಿದ್ದು 1963ರಾಗ.

ಆ ಕಾಲಕ್ಕೂ ಈ ಕಾಲಕ್ಕೂ ಒಂದು ದೊಡ್ಡ ಫರಕ ಅದ ಅಂತ ನನಗನಸ್ತದ. ಪತ್ರಿಕಾದಾಗ ಬಂದ್ರ ಮೊದಲ ಓದೋರು ಪರಊರಿನ ಪರಕೀಯರು. ನಿಮ್ಮ ಅತ್ತಿ ಯಾರು, ನಾದಿನಿ ಯಾರು ಅವರಿಗೆ ಗೊತ್ತಿರೂದಿಲ್ಲ. ಫೇಸ್‌ಬುಕ್ಕಿನ್ಯಾಗ ಮೊದಲ ಓದೋರು ಅತ್ತಿ, ನಾದಿನಿ, ಬೀಗರು! ಅದಕ್ಕ ನಮ್ಮ ಬರಹದಾಗ ಅಡಗಿ, ಹಬ್ಬ, ತೌರಮನಿ ನೆನಪು ಬರ್ತಾವ, ಹೊಟ್ಟ್ಯಾಗಿನ ಮಾತು ಬರೂದಿಲ್ಲ. ನಮ್ಮನ್ನ ನೋಡಿ "ಬರೇ ಒಗ್ಗರಣಿ ಬರೀತಾರ" ಅಂತ ನಗೋರು ಇದನ್ನ ಸ್ವಲ್ಪ ವಿಚಾರ ಮಾಡಬೇಕು. ನನ್ನ ಮಟ್ಟಿಗೆ ಹೇಳಬೇಕಂದ್ರ, ಒಗ್ಗರಣಿಯೊಳಗನ ಎಷ್ಟೋ ಹೇಳಲಿಕ್ಕೆ ಬರ್ತದ, ಓದೋರಿಗೆ ತಿಳದ್ರಾತು.

ಇನ್ನೊಂದು ಅದ. ಪತ್ರಿಕಾ ನಿಂತ್ರೂ ಹಳೇ ಸಂಚಿಕಿ ಅಟ್ಟದ ಮ್ಯಾಲೆ ಇರ್ತಾವ. ಇಲ್ಲೆ ಹಂಗಲ್ಲ. ಆರ್ಕುಟ್ ಮುಚ್ಚಿದ್ದು 2014ರ ಸಪ್ಟೆಂಬರ್ 30ಕ್ಕ. ಮೂರು ತಿಂಗಳು ಮೊದಲ ತಿಳಿಸಿದ್ರು ಖರೆ. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಾಗ ಹೋತು. ನನ್ನ ಮೌಶಿ ಮಗಳು ಇಂಥಾದ್ದ ಬ್ಯಾರೆ ಒಂದು ತಾಣದಾಗ ನಾಕು ವರ್ಷ ಬರದಿದ್ಲು. ಮೌಶಿ ಹಾಸಿಗಿ ಹಿಡದಾಗ ಹೇಳಿದ ಬೀಸೋಕಲ್ಲಿನ ಹಾಡು ಇಪ್ಪತ್ತೆರಡು, ದಿನಕ್ಕೊಂದರಂಗ ಅಲ್ಲೇ ಹಾಕಿದ್ಲು. ಮುಚ್ಚತೀವಿ ಅಂತ ಪತ್ರ ಬಂದಾಗ ಇಕಿ ಮಗಳ ಬಾಣಂತನದಾಗ ಇದ್ಲು, ಪತ್ರಾನೂ ಇಂಗ್ಲಿಷಿನ್ಯಾಗ. ತಿರುಗಿ ಬಂದು ನೋಡಿದ್ರ ತಾಣನ ಇಲ್ಲ. ಮೌಶಿಯಂತೂ ಮೊದಲ ಹೋಗಿಬಿಟ್ಟಿದ್ರು.

ಈಗ ಆಕಿ ಇನ್ನೂರು ಪಾನಿನ ನೋಟಬುಕ್ ತಂದು ನೆನಪು ಮಾಡಿಕೊಂಡು ಬರೀಲಿಕತ್ಯಾಳ. ರಾತ್ರಿ ಫೋನ್ ಮಾಡಿ "ಆ ಸಾಲಿನ ಮುಂದಿನ ಸಾಲು ನಿನಗೇನರೆ ನೆನಪದ ಏನ?" ಅಂತ ಕೇಳ್ತಾಳ. ಹದಿನಾಲ್ಕು ಪೂರ್ತಿ ಆಗ್ಯಾವ. ಹುಕ್ಕೇರಿ ಕಡೆಯವರು, ನಮ್ಮ ಮೌಶಿ ಜೋಡಿ ಬೀಸಲಿಕ್ಕೆ ಕೂತವರು ಯಾರರೆ ಇದನ್ನ ಓದಲಿಕತ್ತಿದ್ರ ನನಗೊಂದು ಫೋನ್ ಹಚ್ಚರಿ, ಇನ್ನೂ ಎಂಟು ಬಾಕಿ ಅವ.