ಒಂದರಿಂದ ಆರಕ್ಕೇರಿ ಒಂದಕ್ಕಿಳಿಯುವ ಸಂಖ್ಯೆ

ಶಾಲೆಗೆ ನೂರು ತುಂಬಿದ ಈ ಶುಭ ಸಂದರ್ಭದಲ್ಲಿ, ನೂರಕ್ಕಿಂತ ಬಹು ದೊಡ್ಡದಾದ ಒಂದು ಸಂಖ್ಯೆಯ ಚರಿತ್ರೆಯನ್ನು ಓದುಗರ ಮುಂದಿಡಬಯಸುತ್ತೇವೆ. ಆ ಸಂಖ್ಯೆ 12345654321. ಅಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಕನ್ನಡದ ‘ಕವಿರಾಜಮಾರ್ಗ’ ಮೂಡಿದ್ದೂ ಅದೇ ದೊರೆಯ ಆಸ್ಥಾನದಲ್ಲಿ. ಏಕ, ದಶ, ಶತ ಮೊದಲ್ಗೊಂಡು ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದ ಆತನು, ಗುಣಾಕಾರವನ್ನು ಕಲಿಸುವಾಗ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಆಯ್ದುಕೊಂಡು, ಅವನ್ನು ಕೊರಳ ಹಾರಗಳಿಗೆ ಹೋಲಿಸಿದನು. 27994681ನ್ನು 441ರಿಂದ ಗುಣಿಸಿದಾಗ ದೊರೆಯುವ ನಮ್ಮ ಸಂಖ್ಯೆಯೂ ಅಂಥದೊಂದು ಹಾರ.

ಇದರ ಗುಣಗಳನ್ನು ಏಳನೆಯ ತರಗತಿಯ ಮಕ್ಕಳೂ ಪರೀಕ್ಷಿಸಬಲ್ಲರು. ಇದು ಬೆಸ ಸಂಖ್ಯೆ. ಅಂಕಿಗಳ ಮೊತ್ತ 36 ಆದುದರಿಂದ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಆದಕಾರಣ ಅವಿಭಾಜ್ಯವಲ್ಲ. 111111ರ ವರ್ಗವೇ ಇದು. 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ 111111. ಹೀಗಾಗಿ ನಮ್ಮ ಸಂಖ್ಯೆಯಲ್ಲಿ ಪ್ರತಿಯೊಂದೂ ಎರಡೆರಡು ಬಾರಿ ಬರುತ್ತದೆ. ಭಾಜಕವೊಂದನ್ನು ಕಟ್ಟುವಾಗ ಪ್ರತಿ ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ಇಲ್ಲವೇ ಎರಡು ಬಾರಿ ತೆಗೆದುಕೊಳ್ಳಬಹುದು. ಮೂರನ್ನು ಐದು ಬಾರಿ ಗುಣಿಸಿದರೆ ಒಟ್ಟು ಭಾಜಕಗಳು 243. ಭಾಜಕಗಳ ಎಣಿಕೆ ಬೆಸವಾಗುವುದು ಪೂರ್ಣವರ್ಗಗಳಿಗೆ ಮಾತ್ರ.

ಈ ಗ್ರಂಥ ನಡೆದ ಹಾದಿಯೂ ಗಮನಾರ್ಹ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದು, ಕನ್ನಡದಲ್ಲೇ ಗಣಿತಶಾಸ್ತ್ರವನ್ನು ಹೇಳಬಹುದೆಂದು ತೋರಿದನು. 1912ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಮಹಾವೀರನ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಆ ಸಂಪಾದನೆಗೆ ಕನ್ನಡ ಲಿಪಿಯ ಓಲೆಗರಿಗಳೂ ಆಧಾರವಾದವು. ಹೊಸೂರು ಸೀಮೆ ಆಗ ಅದೇ ಮದರಾಸು ಪ್ರಾಂತದ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು.

ಅವಲಪಲ್ಲಿಯ ಸುತ್ತಮುತ್ತ ತೆಲುಗು, ಕನ್ನಡ, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. 2006ರ ತಮಿಳು ಕಲಿಕೆ ಕಾಯ್ದೆಯ ತರುವಾಯ ಮಕ್ಕಳು ತಮಿಳನ್ನು ಕಡ್ಡಾಯವಾಗಿ ಕಲಿಯುತ್ತಿದ್ದಾರೆ. ಅದು ಈ ನೆಲದ ಭಾಷೆ, ಕಲಿಯತಕ್ಕದ್ದೇ. ಆದರೆ ಮನೆಮಾತಿನಲ್ಲಿ ಲೆಕ್ಕ ಹೇಳುವ ರೂಢಿ ತಪ್ಪಿದರೆ, ಅಪವರ್ತನ, ಭಾಜಕ, ವರ್ಗಮೂಲ ಮುಂತಾದ ಪದಗಳು ಒಂದೆರಡು ತಲೆಮಾರಿನಲ್ಲೇ ನಿಘಂಟು ಸೇರುತ್ತವೆ. ಲೆಕ್ಕದ ಉತ್ತರ ಯಾವ ಭಾಷೆಯಲ್ಲಿ ಮಾಡಿದರೂ ಅದೇ. ಅದನ್ನು ಕನ್ನಡದಲ್ಲಿ ವಿವರಿಸಬಲ್ಲವರು ಮಾತ್ರ ಶಾಲೆಗಳಲ್ಲಿಯೇ ತಯಾರಾಗಬೇಕು. ಪೋಷಕರು ಇಂದು ಸಂಜೆ ಮಕ್ಕಳೊಡನೆ ಕುಳಿತು ಆ 243 ಭಾಜಕಗಳಲ್ಲಿ ಹತ್ತನ್ನಾದರೂ ಕನ್ನಡದಲ್ಲಿ ಹೇಳಿಸಲೆಂದು ಕೋರುತ್ತೇವೆ.